ಹೃದಯಸ್ನಾಯುವಿನ ಕುರುಹುಗಳು : ಒಂದು ಪದವಿಮರ್ಶೆ

೧

ಶಾಸ್ತ್ರವೊಂದು ಹೊಸದಾಗಿ ಒಂದು ಭಾಷೆಗೆ ಬರುವಾಗ ಅದಕ್ಕೆ ಬೇಕಾದ ಶಬ್ದಗಳು ಸಾಮಾನ್ಯವಾಗಿ ಎರಡು ಬಗೆಯಿಂದ ಒದಗುತ್ತವೆ. ಒಂದು, ಆ ಶಾಸ್ತ್ರವು ಬೆಳೆದ ನಾಡಿನ ಶಬ್ದವನ್ನೇ ಉಚ್ಚಾರಣೆಯಲ್ಲಿ ಅಷ್ಟಿಷ್ಟು ತಿದ್ದಿ ಬಳಸುವುದು. ಮತ್ತೊಂದು, ಭಾಷೆಯಲ್ಲಿ ಮೊದಲೇ ಇರುವ ಶಬ್ದಗಳಿಂದ ಹೊಸದನ್ನು ಕಟ್ಟಿಕೊಳ್ಳುವುದು. ಬೆಂಗಳೂರಿನ ಪೂರ್ವಭಾಗದಲ್ಲಿ ಈ ಎರಡು ಬಗೆಗೂ ನೆಲದ ಮೇಲೆಯೇ ನಿದರ್ಶನವುಂಟು. ರಾಮಮೂರ್ತಿ ನಗರಕ್ಕೆ ಸಮೀಪದಲ್ಲಿ, ಹಳೆಯ ಮದರಾಸು ರಸ್ತೆಯ ಬದಿಯಲ್ಲಿ, ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಬಡಾವಣೆಗೆ ‘ದೂರವಾಣಿ ನಗರ’ವೆಂದು ಹೆಸರು, ಅದೇ ರಸ್ತೆಯ ಮತ್ತೊಂದು ಪ್ರಸಿದ್ಧ ನಿಲ್ದಾಣಕ್ಕೆ ‘ಟಿನ್ ಫ್ಯಾಕ್ಟರಿ’ಯೆಂದು ಹೆಸರು. ಒಂದು ಕಟ್ಟಿದ ಶಬ್ದ, ಮತ್ತೊಂದು ಎರವಲು ತಂದ ಶಬ್ದ; ಎರಡೂ ವಿಳಾಸಗಳಾಗಿ ನೆಲೆಸಿ ಜನರ ಬಾಯಲ್ಲಿ ಎಡವದೆ ನಡೆಯುತ್ತಿವೆ. ಆದುದರಿಂದ ಪಾರಿಭಾಷಿಕ ಶಬ್ದಗಳ ವಿಷಯದಲ್ಲಿ ‘ಕಟ್ಟಬೇಕೆ, ತರಬೇಕೆ’ ಎಂಬ ಬಹುಕಾಲದ ಚರ್ಚೆಗೆ ಬಳಕೆಯೇ ಉತ್ತರ ಹೇಳಿದೆಯೆನ್ನಬಹುದು.

ಇವೆರಡಕ್ಕಿಂತ ಕಠಿನವಾದ ಮೂರನೆಯ ಬಗೆಯೊಂದುಂಟು. ಭಾಷೆಯಲ್ಲಿ ತಲೆಮಾರುಗಳಿಂದ ಬಾಳಿ, ಕಾವ್ಯದಲ್ಲಿಯೂ ಗಾದೆಯಲ್ಲಿಯೂ ಮನೆಮಾತಿನಲ್ಲಿಯೂ ಅರ್ಥದ ಮೇಲೆ ಅರ್ಥವನ್ನು ಹೊತ್ತುಕೊಂಡಿರುವ ಶಬ್ದವನ್ನು ಶಾಸ್ತ್ರವು ಎತ್ತಿಕೊಂಡು ತನ್ನ ಕೆಲಸಕ್ಕೆ ಹಚ್ಚುವುದೇ ಅದು. ಅಂಥ ಶಬ್ದವು ಹೊಸ ಮನೆಗೆ ಬರುವಾಗ ಹಳೆಯ ಸಂಸಾರವನ್ನೂ ಕರೆದುಕೊಂಡೇ ಬರುವುದು. ‘ಹೃದಯ’ವೂ ಅದರ ಬಳಗದ ಶಬ್ದಗಳೂ ಇಂಥವು.

ಈ ವಿಚಾರವು ಕೇವಲ ಪಂಡಿತರ ವಿನೋದವಲ್ಲ. ರಾಮಮೂರ್ತಿ ನಗರದಂಥ ಬಡಾವಣೆಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನಾಡುವ ಸಂಸಾರಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಎದೆನೋವೆಂದು ಆಸ್ಪತ್ರೆಗೆ ಹೋದವನ ಕೈಗೆ ಬರುವ ರಕ್ತಪರೀಕ್ಷೆಯ ವರದಿಯು ಇಂಗ್ಲಿಷಿನಲ್ಲಿರುತ್ತದೆ; ಆದರೆ ಅದರ ಅರ್ಥವನ್ನು ದಾದಿಯು ಮಗನಿಗೂ, ಮಗನು ತಾಯಿಗೂ, ತಾಯಿಯು ನೆರೆಯವರಿಗೂ ಹೇಳುವುದು ಬಾಯಿಮಾತಿನಲ್ಲಿ. ‘ಟ್ರೋಪೋನಿನ್ ಪಾಸಿಟಿವ್’ ಎಂಬುದು ಆ ದಾರಿಯಲ್ಲಿ ‘ಹೃದಯಾಘಾತವಾಗಿದೆ’ ಎಂದಾಗುವುದು. ‘ಟ್ರೋಪೋನಿನ್ ನೆಗೆಟಿವ್’ ಎಂಬುದು ‘ಏನೂ ಇಲ್ಲವಂತೆ’ ಎಂದಾಗುವುದು. ಎರಡೂ ನೆಚ್ಚತಕ್ಕ ಭಾಷಾಂತರಗಳಲ್ಲ. ಎರಡನೆಯ ತಪ್ಪಿನಲ್ಲಿಯಂತೂ ಪ್ರಾಣವೇ ಪಣವಾಗಿರುವ ಸಂದರ್ಭಗಳುಂಟು. ಹೃದಯಸ್ನಾಯುವಿನ ಪ್ರೋಟೀನುಗಳನ್ನು ರೋಗದ ಕುರುಹುಗಳೆಂದು ಓದುವ ಶಾಸ್ತ್ರವನ್ನು ಕನ್ನಡವು ಎಷ್ಟರಮಟ್ಟಿಗೆ ಸರಿಯಾಗಿ ನುಡಿದಿದೆ, ಎಲ್ಲಿ ಎಡವಿದೆ, ಅದಕ್ಕೆ ಪರಿಹಾರವು ಕನ್ನಡದ ಸ್ವಂತ ಭಂಡಾರದಲ್ಲಿಯೇ ಉಂಟೆ ಎಂಬುದು ಇಲ್ಲಿಯ ಪ್ರಶ್ನೆ.

೨

ಮೊದಲು ಶಾಸ್ತ್ರದ ಮಾತನ್ನು ಸಂಗ್ರಹವಾಗಿ ನೋಡುವುದು ಯುಕ್ತ. ಹೃದಯವು ಸ್ನಾಯುವಿನಿಂದಾದ ಅವಯವ. ಆ ಸ್ನಾಯುವಿನ ಪ್ರತಿಯೊಂದು ಜೀವಕೋಶದೊಳಗೂ ತೆಳುವಾದ ಎಳೆಗಳೂ ದಪ್ಪನಾದ ಎಳೆಗಳೂ ಒಂದರ ಪಕ್ಕದಲ್ಲೊಂದು ಸಾಲಾಗಿ ಜೋಡಿಸಿಕೊಂಡಿವೆ. ದಪ್ಪ ಎಳೆಯು ಮಯೋಸಿನ್ ಎಂಬ ಪ್ರೋಟೀನಿನದು. ತೆಳುವಾದ ಎಳೆಯಲ್ಲಿ ಮುಖ್ಯವಾದುದು ಆಕ್ಟಿನ್. ಒಂದರ ಮಗ್ಗುಲಲ್ಲಿ ಮತ್ತೊಂದು ಜಾರಿದಾಗ ಸ್ನಾಯುವು ಕುಗ್ಗುವುದು. ಹಾಗೆ ಕುಗ್ಗಿದಾಗ ರಕ್ತವು ಮೈಗೆಲ್ಲ ಹರಿಯುವುದು. ಈ ಜಾರಾಟಕ್ಕೆ ಅಪ್ಪಣೆ ಕೊಡುವ ಮತ್ತು ತಡೆಯುವ ಕೆಲಸವು ತೆಳು ಎಳೆಯ ಮೇಲೆ ಕುಳಿತಿರುವ ಟ್ರೋಪೋನಿನ್ನಿನದು. ಜಪಾನಿನ ಸೆತ್ಸುರೊ ಎಬಾಶಿಯವರೂ ಅವರ ಸಹೋದ್ಯೋಗಿ ಅಯಾಕೊ ಕೊಡಾಮಾ ಅವರೂ ಇದನ್ನು ೧೯೬೫ರಲ್ಲಿ ಲೋಕಕ್ಕೆ ತಿಳಿಸಿದರು. ಇದಕ್ಕೆ ಟಿ, ಐ, ಸಿ ಎಂದು ಮೂರು ಅಂಗಗಳು. ಇವುಗಳಲ್ಲಿ ಟಿ ಮತ್ತು ಐ ಅಂಗಗಳು ಹೃದಯದಲ್ಲಿ ತಳೆದಿರುವ ರೂಪವು ಮೈಯ ಉಳಿದ ಸ್ನಾಯುಗಳಲ್ಲಿ ತಳೆದಿರುವ ರೂಪಕ್ಕಿಂತ ಭಿನ್ನವಾದುದು. ಸಿ ಅಂಗವು ಹಾಗಲ್ಲ. ಆದುದರಿಂದಲೇ ಹೃದಯದ ಪರೀಕ್ಷೆಗೆ ಮೊದಲಿನ ಎರಡು ಮಾತ್ರ ಉಪಯುಕ್ತವಾದುವು.

ಜೀವಕೋಶವು ಸತ್ತು ಅದರ ಪೊರೆಯೊಡೆದರೆ ಒಳಗಿನ ಸಾಮಗ್ರಿಯು ರಕ್ತಕ್ಕೆ ಸೋರುವುದು. ಸೋರಿದುದನ್ನು ಅಳೆದು ಒಳಗಿನ ಗಾಯವನ್ನು ಊಹಿಸಬಹುದೆಂಬುದೇ ಈ ಶಾಸ್ತ್ರದ ಮೂಲಸೂತ್ರ. ೧೯೫೪ರಲ್ಲಿ ಅಮೆರಿಕದ ಲಡ್ಯೂ, ವ್ರೋಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಎಂಬುವರು ಹೃದಯಸ್ನಾಯುವಿನ ಒಂದು ಭಾಗವು ಸತ್ತ ರೋಗಿಗಳ ರಕ್ತದಲ್ಲಿ ಟ್ರಾನ್ಸಮಿನೇಸ್ ಎಂಬ ಕಿಣ್ವವು ಏರುವುದನ್ನು ತೋರಿಸಿದರು. ಆದರೆ ಆ ಕಿಣ್ವವು ಯಕೃತ್ತಿನಲ್ಲಿಯೂ ಉಂಟು. ಯಕೃತ್ತು ಕೆಟ್ಟರೂ ಏರುವುದು. ಬಳಿಕ ಬಳಕೆಗೆ ಬಂದ ಕ್ರಿಯೇಟಿನ್ ಕೈನೇಸ್ ಮೈಯ ಯಾವ ಸ್ನಾಯು ಜಜ್ಜಿದರೂ ಏರುವಂಥದು. ಅದರಲ್ಲಿ ಹೃದಯಕ್ಕೆ ಹೆಚ್ಚು ಸಂಬಂಧಪಟ್ಟ ರೂಪವನ್ನು ಬೇರ್ಪಡಿಸಿ ಅಳೆದರೂ ಸಂದೇಹವು ಪೂರ್ತಿಯಾಗಿ ಹೋಗಲಿಲ್ಲ. ಮಯೋಗ್ಲೋಬಿನ್ ಎಂಬುದು ಎಲ್ಲಕ್ಕಿಂತ ಬೇಗ ತೋರುವುದಾದರೂ ಅದು ಹೃದಯದಿಂದ ಬಂದುದೋ ತೊಡೆಯಿಂದ ಬಂದುದೋ ಹೇಳಲಾಗದು. ೧೯೮೭ರಲ್ಲಿ ಟ್ರೋಪೋನಿನ್ ಐ, ೧೯೮೯ರಲ್ಲಿ ಜರ್ಮನಿಯ ಹ್ಯೂಗೊ ಕಾಟುಸ್ ಮತ್ತು ಸಂಗಡಿಗರ ಪ್ರಯತ್ನದಿಂದ ಟ್ರೋಪೋನಿನ್ ಟಿ, ಇವುಗಳನ್ನು ರಕ್ತದಲ್ಲಿ ಅಳೆಯುವ ಮಾರ್ಗಗಳು ಪ್ರಕಟವಾದ ಮೇಲೆ ಈ ತೊಡಕು ಬಹುಮಟ್ಟಿಗೆ ಬಿಡಿಸಿತು. ೨೦೦೦ದಲ್ಲಿ ಯೂರೋಪಿನ ಮತ್ತು ಅಮೆರಿಕದ ಹೃದ್ರೋಗತಜ್ಞರ ಸಂಘಗಳು ಕೂಡಿ ಹೃದಯಸ್ನಾಯುವಿನ ಸಾವಿನ ಲಕ್ಷಣವನ್ನೇ ಪುನಃ ನಿರೂಪಿಸಿ, ಈ ಪ್ರೋಟೀನುಗಳಿಗೆ ಅದರಲ್ಲಿ ಪ್ರಧಾನಸ್ಥಾನವನ್ನು ಕೊಟ್ಟವು.

ಇಲ್ಲಿಯವರೆಗಿನ ಕಥೆಯನ್ನು ಕೇಳಿದವರಿಗೆ ಕಟ್ಟಕಡೆಗೆ ನಿಸ್ಸಂದಿಗ್ಧವಾದ ಗುರುತೊಂದು ದೊರೆಯಿತೆಂದು ತೋರಬಹುದು. ವಾಸ್ತವವು ಹಾಗಿಲ್ಲ. ಟ್ರೋಪೋನಿನ್ ಹೃದಯದ್ದೇ ಎಂಬುದು ನಿಶ್ಚಯ. ಆದರೆ ಅದು ಏಕೆ ಸೋರಿತೆಂಬುದನ್ನು ಅದು ತಾನೇ ಹೇಳದು. ಹೃದಯಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದರೆ ಅದು ಏರುವುದು; ಹೃದಯಸ್ನಾಯುವಿಗೆ ಉರಿಯೂತ ಬಂದರೂ ಏರುವುದು; ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೂ, ಮೈಯೆಲ್ಲ ನಂಜೇರಿದರೂ, ಮೂತ್ರಪಿಂಡಗಳು ಬಹುಕಾಲದಿಂದ ಕೆಟ್ಟಿದ್ದರೂ, ಬಹುದೂರದ ಓಟವನ್ನೋಡಿ ಮುಗಿಸಿದರೂ ಏರಬಹುದು. ಸೂಕ್ಷ್ಮವಾದ ಈಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಅದರ ಅತ್ಯಲ್ಪಾಂಶವು ಕಾಣುವುದು. ಆದುದರಿಂದ ೨೦೧೮ರಲ್ಲಿ ಪ್ರಕಟವಾದ ನಾಲ್ಕನೆಯ ಸಾರ್ವತ್ರಿಕ ನಿರೂಪಣೆಯು ಎರಡು ವಿಷಯಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ಆರೋಗ್ಯವಂತರಲ್ಲಿ ೧೦೦ಕ್ಕೆ ೯೯ ಮಂದಿಯಲ್ಲಿ ಕಾಣುವ ಮೇಲಿನ ಎಲ್ಲೆಯನ್ನು ಟ್ರೋಪೋನಿನ್ ದಾಟಿದ್ದರೆ ಅದು ‘ಹೃದಯಸ್ನಾಯುವಿನ ಗಾಯ’. ಆ ಪ್ರಮಾಣವು ಗಂಟೆಗಳ ಅಂತರದಲ್ಲಿ ಏರುತ್ತಲೋ ಇಳಿಯುತ್ತಲೋ ಇದ್ದು, ಜೊತೆಗೆ ರಕ್ತದ ಕೊರತೆಗೆ ಸಾಕ್ಷಿಯಾಗಿ ರೋಗಿಯ ಬೇನೆ, ಇ.ಸಿ.ಜಿ.ಯಲ್ಲಿ ಹೊಸ ವ್ಯತ್ಯಾಸ ಮೊದಲಾದುವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಅದು ಜನರು ‘ಹಾರ್ಟ್ ಅಟ್ಯಾಕ್’ ಎನ್ನುವ ಸಂಗತಿ.

ಕಾಲದ ಮಾತೂ ಮುಖ್ಯವಾದುದು. ನೋವು ತೋರಿದ ಕೂಡಲೆ ತೆಗೆದ ರಕ್ತದಲ್ಲಿ ಟ್ರೋಪೋನಿನ್ ಇನ್ನೂ ಏರಿರದೆ ಇರಬಹುದು; ಅದಕ್ಕಾಗಿಯೇ ಕೆಲವು ಗಂಟೆಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು. ನಾಳವು ಪೂರ್ತಿ ಮುಚ್ಚಿರುವುದನ್ನು ಇ.ಸಿ.ಜಿ. ಸ್ಪಷ್ಟವಾಗಿ ತೋರಿದಲ್ಲಿ ವೈದ್ಯರು ರಕ್ತದ ವರದಿಗಾಗಿ ಕಾಯದೆ ಚಿಕಿತ್ಸೆಗೆ ತೊಡಗುವರು. ‘ನೆಗೆಟಿವ್ ಬಂದಿದೆ, ಮನೆಗೆ ಹೋಗೋಣ’ ಎಂಬ ಮಾತು ಮೊದಲ ಪರೀಕ್ಷೆಯ ಮೇಲೆಯೇ ಆಡಿದ್ದಾದರೆ ಅದು ಗ್ರಂಥದ ಮೊದಲ ಪುಟವನ್ನೋದಿ ಕೊನೆಯನ್ನು ಹೇಳಿದಂತೆ.

೩

ಈ ಶಾಸ್ತ್ರಕ್ಕೆ ಎದುರಾಗಿ ಕನ್ನಡ ಗದ್ಯದಲ್ಲಿ ನಿಂತಿರುವ ಶಬ್ದವು ‘ಹೃದಯಾಘಾತ’. ಆಘಾತವೆಂದರೆ ಪೆಟ್ಟು, ಹೊಡೆತ. ಪೆಟ್ಟು ಹೊರಗಿನಿಂದ ಬೀಳುವುದು, ಒಮ್ಮೆಗೇ ಬೀಳುವುದು. ನಾಟಕದಲ್ಲಿಯೂ ಚಲನಚಿತ್ರದಲ್ಲಿಯೂ ಕೆಟ್ಟ ಸುದ್ದಿಯನ್ನು ಕೇಳಿದ ತಂದೆಯು ಎದೆಯನ್ನು ಹಿಡಿದುಕೊಂಡು ಕುಸಿಯುವ ಸನ್ನಿವೇಶವು ಈ ಅರ್ಥವನ್ನೇ ಮತ್ತೆ ಮತ್ತೆ ಬಲಪಡಿಸಿದೆ. ಆದರೆ ವೈದ್ಯಶಾಸ್ತ್ರದ ಸಂಗತಿಯಲ್ಲಿ ಪೆಟ್ಟು ಒಳಗಿನದು. ಅದರ ಸಿದ್ಧತೆಯು ಅನೇಕವೇಳೆ ನಾಳದ ಗೋಡೆಯಲ್ಲಿ ವರ್ಷಗಳಿಂದ ನಡೆದಿರುವುದು. ಶಬ್ದವು ಹುಟ್ಟಿಸುವ ಚಿತ್ರವೂ ಸಂಗತಿಯ ಚಿತ್ರವೂ ಒಂದಕ್ಕೊಂದು ಎದುರಾಗಿವೆ.

ಇಷ್ಟೇ ಆಗಿದ್ದರೆ ಅಷ್ಟು ಹಾನಿಯಿರಲಿಲ್ಲ; ಶಬ್ದಕ್ಕೂ ವಸ್ತುವಿಗೂ ಇಂಥ ವ್ಯತ್ಯಾಸವು ಎಲ್ಲ ಭಾಷೆಗಳಲ್ಲಿಯೂ ಇದ್ದದ್ದೇ. ಹಾನಿಯಿರುವುದು, ಈ ಒಂದು ಶಬ್ದವು ಬೇರೆ ಬೇರೆಯಾದ ಮೂರು ಸಂಗತಿಗಳ ಮೇಲೆ ಹೊದಿಸಲ್ಪಟ್ಟಿರುವುದರಲ್ಲಿ. ನಾಳವು ಮುಚ್ಚಿ ಸ್ನಾಯುವಿನ ಒಂದು ಭಾಗವು ಸಾಯುವುದು ಒಂದು. ವಿದ್ಯುತ್ಕ್ರಮವು ಕೆಟ್ಟು ಹೃದಯದ ಬಡಿತವು ಒಮ್ಮೆಗೇ ನಿಲ್ಲುವುದು ಎರಡು. ಇದಕ್ಕೆ ‘ಹೃದಯಸ್ತಂಭನ’ವೆಂಬ ಬೇರೆ ಶಬ್ದವೇ ಉಂಟು. ಹೃದಯವು ದುರ್ಬಲವಾಗಿ, ಮೈಗೆ ಬೇಕಾದಷ್ಟು ರಕ್ತವನ್ನು ನೂಕಲಾರದೆ ತಿಂಗಳು ವರ್ಷಗಟ್ಟಲೆ ಬಾಧೆಪಡುವುದು ಮೂರು, ಇದನ್ನು ‘ಹೃದಯವೈಫಲ್ಯ’ವೆನ್ನುವರು. ಮೊದಲನೆಯದು ಎರಡನೆಯದಕ್ಕೂ ಮೂರನೆಯದಕ್ಕೂ ಕಾರಣವಾಗಬಹುದು. ಆದರೆ ಮೂರೂ ಒಂದಲ್ಲ.

೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ ೪೬ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ‘ಹೃದಯಾಘಾತ’, ‘ಹೃದಯಸ್ತಂಭನ’ ಎಂಬೆರಡು ಶಬ್ದಗಳೂ ಸುದ್ದಿಯಲ್ಲಿ ಒಂದರ ಬದಲಿಗೊಂದು ಬಳಕೆಯಾದುವು. ಬಳಿಕ ಅವರ ಹೆಸರಿನಲ್ಲಿಯೇ ಕರ್ನಾಟಕ ಸರ್ಕಾರವು ‘ಹೃದಯ ಜ್ಯೋತಿ’ ಯೋಜನೆಯನ್ನು ಏರ್ಪಡಿಸಿತು. ಆ ಯೋಜನೆಯ ಎರಡು ಅಂಗಗಳನ್ನು ನೋಡಿದರೆ ಈ ಶಬ್ದವಿವೇಕದ ಅಗತ್ಯವು ತಾನಾಗಿಯೇ ತಿಳಿಯುವುದು. ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಕೊಡುವುದು ಒಂದಂಗ. ಇದು ಮುಚ್ಚಿದ ನಾಳಕ್ಕೆ ಮದ್ದು. ನಿಂತ ಹೃದಯಕ್ಕೆ ವಿದ್ಯುತ್ತಿನ ಪೆಟ್ಟನ್ನು ಕೊಡುವ ಯಂತ್ರಗಳನ್ನು ಜನಸಂದಣಿಯ ಸ್ಥಳಗಳಲ್ಲಿರಿಸುವುದು ಮತ್ತೊಂದಂಗ. ಇದು ಸ್ತಂಭನಕ್ಕೆ ಮದ್ದು. ಯೋಜನೆಯು ಬೇರ್ಪಡಿಸಿರುವುದನ್ನು ಭಾಷೆಯು ಬೆರೆಸಿದರೆ, ಯಂತ್ರದ ಮುಂದೆ ನಿಂತವನಿಗೆ ಅದನ್ನು ಯಾರ ಮೇಲೆ ಬಳಸಬೇಕೆಂಬುದೇ ತಿಳಿಯದೆ ಹೋಗುವುದು.

೨೦೨೫ರ ಮೇ ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಮರಣಗಳ ವಿಷಯದಲ್ಲಿ ನಡೆದುದು ಇನ್ನೂ ಗಂಭೀರವಾದುದು. ಪ್ರಾಯದವರೂ ಸೇರಿದಂತೆ ಹಲವರು ಹಠಾತ್ತಾಗಿ ತೀರಿಕೊಂಡುದನ್ನು ದಿನದಿನವೂ ‘ಹೃದಯಾಘಾತಕ್ಕೆ ಮತ್ತೊಂದು ಬಲಿ’ ಎಂಬ ಧಾಟಿಯಲ್ಲಿ ಎಣಿಸಲಾಯಿತು. ಭೀತಿಗೊಂಡ ಜನರು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು ೨೪ ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ೪ ಹೃದಯಕ್ಕೆ ಸಂಬಂಧಿಸಿದುವೇ ಅಲ್ಲವೆಂದೂ, ಉಳಿದುವುಗಳಲ್ಲಿ ಕೆಲವು ಮಾತ್ರ ನಿಶ್ಚಿತವಾದುವು, ಕೆಲವು ಸಂಭಾವ್ಯವೆಂದೂ ವಿಂಗಡಿಸಿತು. ಈ ವಿಂಗಡಣೆಯೇ ವಿವೇಕ. ಮರಣೋತ್ತರ ಪರೀಕ್ಷೆಯಾಗಲಿ ಇ.ಸಿ.ಜಿ.ಯಾಗಲಿ ರಕ್ತಪರೀಕ್ಷೆಯಾಗಲಿ ಇಲ್ಲದಿದ್ದಲ್ಲಿ ‘ಹಠಾತ್ತಾದ ಸಾವು’ ಎನ್ನುವುದು ಸತ್ಯ, ‘ಹೃದಯಾಘಾತ’ವೆನ್ನುವುದು ಊಹೆ. ಗದ್ಯದ ಪ್ರಾಮಾಣ್ಯವು ಸತ್ಯಕ್ಕೂ ಊಹೆಗೂ ನಡುವಣ ಈ ಗೆರೆಯನ್ನು ಅಳಿಸದೆ ಇರುವುದರಲ್ಲಿದೆ.

೪

ದೋಷವೆಲ್ಲ ಒಂದು ಶಬ್ದದ ಮೇಲೆಯೇ ಇಲ್ಲ. ಬಳಗದ ಇತರ ಶಬ್ದಗಳನ್ನೂ ವಿಚಾರಿಸಬೇಕು. ಕನ್ನಡದಲ್ಲಿ ‘ಎದೆ’ಯು ಎಲುಬಿನ ಗೂಡಿಗೂ ಹೆಸರು, ಒಳಗಣ ಅವಯವಕ್ಕೂ ಹೆಸರು, ಧೈರ್ಯಕ್ಕೂ ಹೆಸರು. ‘ಎದೆಗಾರ’ನೆಂದರೆ ಅಂಜದವನು, ‘ಎದೆಯೊಡೆದು ಸತ್ತ’ನೆಂದರೆ ದುಃಖವನ್ನೋ ಭಯವನ್ನೋ ತಾಳಲಾರದೆ ಸತ್ತವನು. ‘ಗುಂಡಿಗೆ’ಯು ಅವಯವಕ್ಕೆ ಹೆಚ್ಚು ನಿಖರವಾದ ಹೆಸರಾದರೂ ಅದಕ್ಕೂ ಕೆಚ್ಚಿನ ಅರ್ಥವು ಅಂಟಿಕೊಂಡಿದೆ. ‘ಹೃದಯ’ವಾದರೋ ಸಂಸ್ಕೃತದಿಂದ ಬಂದು ಭಕ್ತಿಕಾವ್ಯದಲ್ಲಿ ಕಮಲವಾಗಿ ಅರಳಿತು, ಆ ರೂಪಕಕ್ಕೂ ಶಾಸ್ತ್ರದ ಬೇರುಂಟು, ಏಕೆಂದರೆ ಸುಶ್ರುತನೇ ಹೃದಯವನ್ನು ಕೆಳಮೊಗವಾದ ತಾವರೆಯ ಮೊಗ್ಗಿಗೆ ಹೋಲಿಸಿದ್ದಾನೆ.

ಇವುಗಳಲ್ಲಿ ಹೆಚ್ಚು ಅಪಾಯಕರವಾದುದು ‘ಎದೆಯುರಿ’. ಇದು ಹೊಟ್ಟೆಯ ಹುಳಿಯು ಅನ್ನನಾಳಕ್ಕೆ ಏರಿದಾಗ ಆಗುವ ಬಾಧೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಹೃದಯದ ಬೇನೆಯೂ ಕೆಲವರಲ್ಲಿ ಇದೇ ಉರಿಯಾಗಿ, ತೇಗಾಗಿ, ಓಕರಿಕೆಯಾಗಿ ತೋರುವುದುಂಟು. ಒಂದೇ ಶಬ್ದವು ಎರಡು ಬಾಧೆಗಳಿಗೂ ಒಪ್ಪುವುದರಿಂದ ಮಜ್ಜಿಗೆಯನ್ನೋ ಗ್ಯಾಸಿನ ಮಾತ್ರೆಯನ್ನೋ ನುಂಗಿ ಕಾಯುವ ರೂಢಿಗೆ ಭಾಷೆಯೂ ಸ್ವಲ್ಪ ಹೊಣೆಯಾಗಿದೆಯೆಂದರೆ ಅತ್ಯುಕ್ತಿಯಾಗದು.

‘ಸ್ನಾಯು’ವಿನ ಕಥೆಯೂ ಸ್ವಾರಸ್ಯವಾದುದು. ಸುಶ್ರುತನ ಎಣಿಕೆಯಲ್ಲಿ ಸ್ನಾಯುಗಳು ೯೦೦, ಪೇಶಿಗಳು ೫೦೦. ಅಲ್ಲಿ ಸ್ನಾಯುವೆಂದರೆ ಕಟ್ಟುವ ನಾರು. ಮಾಂಸಕ್ಕೆ ಪೇಶಿಯೆಂದು ಬೇರೆ
ಹೆಸರು. ಕನ್ನಡದ ಪಠ್ಯಪುಸ್ತಕಗಳು ಪೇಶಿಯ ಕೆಲಸವನ್ನು ಸ್ನಾಯುವಿಗೆ ವಹಿಸಿದುವು. ಬಳಕೆಯು ಅದನ್ನು ಒಪ್ಪಿತು. ಶಬ್ದದ ಅರ್ಥವು ಹೀಗೆ ಜಾರಿದುದನ್ನು ಈಗ ತಿದ್ದಹೊರಡುವುದು ವ್ಯರ್ಥ. ‘ಹೃದಯಸ್ನಾಯು’ವೆಂದರೆ ಎಲ್ಲರಿಗೂ ತಿಳಿಯುವುದು. ಇದಕ್ಕೆ ವಿರುದ್ಧವಾದ ಉದಾಹರಣೆಯು ‘ಸಸಾರಜನಕ’. ಪ್ರೋಟೀನಿಗೆ ಈ ಹೆಸರನ್ನು ಕಟ್ಟಿದವರು ಅದರಲ್ಲಿ ಸಾರಜನಕವಿರುವುದೆಂಬ ಲಕ್ಷಣವನ್ನು ಹಿಡಿದರು. ಕಟ್ಟಿದ ಕ್ರಮವು ನಿರ್ದುಷ್ಟವಾಗಿದ್ದರೂ ಬಾಯಿಗೆ ಒಗ್ಗದೆ ಅದು ಪಠ್ಯಪುಸ್ತಕದಲ್ಲಿಯೇ ಉಳಿಯಿತು. ‘ಪ್ರೋಟೀನ್’ ಅಡಿಗೆಮನೆಗೂ ಬಂದಿತು. ಟ್ರೋಪೋನಿನ್, ಮಯೋಸಿನ್ ಮೊದಲಾದ ಅಂಕಿತನಾಮಗಳನ್ನೂ ‘ಟಿನ್ ಫ್ಯಾಕ್ಟರಿ’ಯಂತೆ ಇದ್ದ ಹಾಗೆಯೇ ಬಿಡುವುದು ಲೇಸು. ಕನ್ನಡವು ದುಡಿಯಬೇಕಾದುದು ಅಂಕಿತನಾಮಗಳಲ್ಲಲ್ಲ, ಅವುಗಳ ನಡುವಣ ಸಂಬಂಧವನ್ನು ಹೇಳುವ ಶಬ್ದಗಳಲ್ಲಿ. ಅಂಥ ಶಬ್ದಗಳಲ್ಲಿ ಮೊದಲನೆಯದು ಈ ಪ್ರೋಟೀನುಗಳ ಪಾತ್ರವನ್ನು ಸೂಚಿಸುವ ಶಬ್ದ.

೫

ರೋಗವನ್ನು ತೋರಿಸಿಕೊಡುವ ಇಂಥ ಪದಾರ್ಥಕ್ಕೆ ಏನೆನ್ನಬೇಕು? ‘ಲಕ್ಷಣ’ವೆನ್ನಬಹುದೆ? ರೋಗಲಕ್ಷಣವೆಂದರೆ ರೋಗಿಗೆ ತಾನೇ ತಿಳಿಯುವ ನೋವು, ಬೆವರು, ಏದುಸಿರು ಮೊದಲಾದುವು. ರಕ್ತದೊಳಗಣ ಪ್ರೋಟೀನು ರೋಗಿಗೆ ತಿಳಿಯದು. ‘ಚಿಹ್ನೆ’ಯು ಲೇಖನಚಿಹ್ನೆ, ಚುನಾವಣೆಯ ಚಿಹ್ನೆಗಳಂತೆ ಒಪ್ಪಂದದಿಂದ ಏರ್ಪಟ್ಟ ಸಂಕೇತ, ಟ್ರೋಪೋನಿನ್ನಿಗೂ ಗಾಯಕ್ಕೂ ಇರುವುದು ಒಪ್ಪಂದವಲ್ಲ, ಕಾರ್ಯಕಾರಣಸಂಬಂಧ. ‘ಗುರುತು’ ಎಂಬುದು ಗುರುತಿನ ಚೀಟಿಯಂತೆ ವ್ಯಕ್ತಿಯನ್ನು ನಿಶ್ಚಯವಾಗಿ ತೋರಿಸಿಕೊಡುವುದೆಂಬ ಭಾವನೆಯನ್ನು ಹುಟ್ಟಿಸುವುದು. ಇಲ್ಲಿ ಆ ನಿಶ್ಚಯವಿಲ್ಲ. ‘ಸೂಚಕ’ವು ಬಳಕೆಯಲ್ಲಿದೆ, ನಿರ್ದೋಷವೂ ಆಗಿದೆ, ಬರೆಹಕ್ಕೆ ಅದು ಸಾಕು. ಆದರೆ ಮಾತಿಗೆ ಅದಕ್ಕಿಂತ ಹತ್ತಿರವಾದ ‘ಕುರುಹು’ ಎಂಬ ಶಬ್ದವಿದೆ. ಕುರುಹೆಂದರೆ ಹಾದುಹೋದುದರ ಜಾಡು: ಹೆಜ್ಜೆಯ ಕುರುಹು, ಗಾಯದ ಕುರುಹು. ಅದನ್ನು ಕಂಡವನು ‘ಏನೋ ಹಾದುಹೋಗಿದೆ’ ಎನ್ನುವನೇ ಹೊರತು ‘ಇದೇ ಹಾದುಹೋಯಿತು’ ಎಂದು ಕೂಡಲೆ ನಿರ್ಣಯಿಸನು. ಇದಲ್ಲದೆ ವಚನಕಾರರು, ವಿಶೇಷವಾಗಿ ಅಲ್ಲಮಪ್ರಭು, ಕುರುಹಿನಲ್ಲಿಯೇ ನಿಂತು ಅದು ತೋರುವ ವಸ್ತುವನ್ನು ಮರೆಯುವವರನ್ನು ಎಚ್ಚರಿಸಿದುದರಿಂದ ಈ ಶಬ್ದಕ್ಕೆ ಕನ್ನಡದಲ್ಲಿ ಒಂದು ವಿವೇಕದ ಸಂಸ್ಕಾರವೂ ದೊರೆತಿದೆ. ಬೇರೊಂದು ಸಂದರ್ಭದಲ್ಲಿ ಹುಟ್ಟಿದ ಆ ಎಚ್ಚರವು ಇಲ್ಲಿಗೂ ಸಲ್ಲುವುದು.

ವೈದ್ಯವನ್ನು ಕನ್ನಡದಲ್ಲಿ ಹೇಳುವುದು ಹೊಸ ಸಾಹಸವೇನೂ ಅಲ್ಲ. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ, ೧೪ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನೂ ರಚಿಸಿದರು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಎರಡು ವರ್ಷ ನಡೆಸಿದರು. ಪದ್ಯದಲ್ಲಿ ವಿಷಕ್ಕೆ ಮದ್ದು ಹೇಳಿದ ಭಾಷೆಗೆ ಗದ್ಯದಲ್ಲಿ ರಕ್ತದ ವರದಿಯನ್ನು ವಿವರಿಸುವುದು ಅಸಾಧ್ಯವಾಗಬಾರದು.

ಕುರುಹನ್ನು ಓದುವ ಕ್ರಮಕ್ಕೂ ಕನ್ನಡ ವಿದ್ಯಾರ್ಥಿಗೆ ಮೊದಲೇ ಪರಿಚಿತವಾದ ಶಾಸ್ತ್ರವೊಂದುಂಟು. ಅದು ರಸಪ್ರಕರಣ. ಸಂಸ್ಕೃತದ ಈ ವಿಚಾರವು ಕವಿಕಾಮನ ‘ಶೃಂಗಾರರತ್ನಾಕರ’, ಸಾಳ್ವನ ‘ರಸರತ್ನಾಕರ’ ಮೊದಲಾದ ಗ್ರಂಥಗಳ ಮೂಲಕ ಕನ್ನಡದ ಸ್ವತ್ತೂ ಆಗಿದೆ. ಒಳಗಿನ ಭಾವವು ಕಣ್ಣಿಗೆ ಕಾಣದು. ಅದಕ್ಕೆ ಕಾರಣವಾದುದು ವಿಭಾವ. ಅದರಿಂದ ಹೊರಗೆ ತೋರುವ ಕಣ್ಣೀರು, ಬೆವರು, ನಡುಕ ಮೊದಲಾದುವು ಅನುಭಾವ. ಜೊತೆಯಲ್ಲಿ ಬಂದುಹೋಗುವ ಚಿಂತೆ, ಶಂಕೆ ಮೊದಲಾದುವು ವ್ಯಭಿಚಾರಿಭಾವ. ಕಣ್ಣೀರು ಶೋಕದಿಂದ ಮಾತ್ರವಲ್ಲ, ಸಂತೋಷದಿಂದಲೂ ಭಯದಿಂದಲೂ ಹೊಗೆಯಿಂದಲೂ ರೋಗದಿಂದಲೂ ಬರುವುದೆಂದು ಭರತನೇ ಎಣಿಸಿದ್ದಾನೆ. ಮಮ್ಮಟನು ಇದನ್ನೇ ಹಿಡಿದು, ಹುಲಿಯೊಂದೇ ಭಯಾನಕಕ್ಕೂ ವೀರಕ್ಕೂ ಅದ್ಭುತಕ್ಕೂ ವಿಭಾವವಾಗಬಲ್ಲುದು, ಕಣ್ಣೀರೊಂದೇ ಶೃಂಗಾರಕ್ಕೂ ಕರುಣಕ್ಕೂ ಭಯಾನಕಕ್ಕೂ ಅನುಭಾವವಾಗಬಲ್ಲುದು. ಬಿಡಿಬಿಡಿಯಾಗಿ ಯಾವುದೂ ನಿರ್ಣಾಯಕವಲ್ಲದುದರಿಂದಲೇ ಸೂತ್ರವು ಮೂರನ್ನೂ ಕೂಡಿಸಿ ಹೇಳಿತೆಂದು ವಿವರಿಸಿದನು.

ಟ್ರೋಪೋನಿನ್ನಿನ ಸ್ಥಾನವೂ ಇದೇ. ಅದು ಅನುಭಾವ. ಅದೊಂದೇ ನಿರ್ಣಾಯಕವಲ್ಲವೆಂಬುದರಿಂದಲೇ ೨೦೧೮ರ ನಿರೂಪಣೆಯು ಏರಿಳಿತವನ್ನೂ ಬೇನೆಯನ್ನೂ ಇ.ಸಿ.ಜಿ.ಯನ್ನೂ ಕೂಡಿಸಿ ನೋಡಬೇಕೆಂದಿತು. ಕಣ್ಣೀರನ್ನು ಕಂಡ ಮಾತ್ರಕ್ಕೆ ಕರುಣರಸವೆಂದು ಬರೆಯುವ ವಿದ್ಯಾರ್ಥಿಯನ್ನು ತಿದ್ದುವ ಉಪಾಧ್ಯಾಯರಿಗೆ, ‘ಟ್ರೋಪೋನಿನ್ ಏರಿದೆ, ಆದುದರಿಂದ ಹೃದಯಾಘಾತ’ ಎಂಬ ವಾಕ್ಯದಲ್ಲಿರುವ ದೋಷವು ಯಾವ ವೈದ್ಯಗ್ರಂಥವನ್ನೂ ಓದದೆಯೇ ಕಾಣಬೇಕು.

ಈ ಹೋಲಿಕೆಗೆ ಎಲ್ಲೆಯೂ ಉಂಟು. ಕಾವ್ಯದಲ್ಲಿ ಒಂದು ಕುರುಹು ಅನೇಕಾರ್ಥಗಳನ್ನು ಹೊಳೆಯಿಸಿದರೆ ಅದು ಸಂಪತ್ತು. ಚಿಕಿತ್ಸೆಯಲ್ಲಿ ಅನೇಕಾರ್ಥತೆಯು ಬೇಗನೆ ಕಳೆದುಕೊಳ್ಳಬೇಕಾದ ಸಂಕಟ. ಕಾವ್ಯದ ಕಣ್ಣೀರನ್ನು ಯಾರೂ ಅಳೆಯರು. ಪ್ರೋಟೀನನ್ನು ಅಳೆಯುವರು, ಮತ್ತೆ ಅಳೆಯುವರು, ಎರಡು ಅಳತೆಗಳ ಅಂತರದಿಂದಲೇ ಅರ್ಥವನ್ನು ತೆಗೆಯುವರು. ಹೋಲಿಕೆಯಿರುವುದು ಓದುವ ಶಿಸ್ತಿನಲ್ಲಿ, ಓದಿದುದರ ಸ್ವರೂಪದಲ್ಲಲ್ಲ.

೬

ಕುರುಹು ಮತ್ತು ಕಾರಣಗಳನ್ನು ಬೇರ್ಪಡಿಸದಿದ್ದರೆ ಆಗುವ ಗೊಂದಲಕ್ಕೆ ಮತ್ತೊಂದು ಪ್ರೋಟೀನು ಒಳ್ಳೆಯ ಸಾಕ್ಷಿ. ದಪ್ಪ ಎಳೆಯ ಮಯೋಸಿನ್ನಿಗೆ ಅಂಟಿಕೊಂಡು ಕುಗ್ಗುವಿಕೆಯನ್ನು ಹದಗೊಳಿಸುವ ಪ್ರೋಟೀನೊಂದುಂಟು. ಅದನ್ನು ‘ಮಯೋಸಿನ್‌ಬಂಧಕ ಪ್ರೋಟೀನ್ ಸಿ’ ಎನ್ನಬಹುದು. ಅದರ ಹೃದಯದ ರೂಪವೂ ಸ್ನಾಯುವಿಗೆ ಗಾಯವಾದಾಗ ರಕ್ತಕ್ಕೆ ಸೋರುವುದೆಂದೂ, ಟ್ರೋಪೋನಿನ್ನಿಗಿಂತ ಬೇಗನೆ ಏರುವುದೆಂದೂ ಸಂಶೋಧಕರು ತೋರಿಸಿದ್ದಾರೆ. ಆದುದರಿಂದ ಇದು ಭಾವೀ ಕುರುಹುಗಳಲ್ಲೊಂದೆಂದು ಎಣಿಸಲ್ಪಟ್ಟಿದೆ. ಟ್ರೋಪೋನಿನ್ನಿನ ಸ್ಥಾನವು ಇದಕ್ಕೆ ದೊರೆತಿಲ್ಲ. ‘ಭಾವೀ’ ಎಂಬ ವಿಶೇಷಣವನ್ನು ಕನ್ನಡದ ಸುದ್ದಿಗಳು ಅನೇಕವೇಳೆ ಬಿಟ್ಟುಬಿಡುವುವು. ಬಿಟ್ಟ ಕೂಡಲೆ ಪ್ರಯೋಗಶಾಲೆಯ ಆಶೆಯು ಆಸ್ಪತ್ರೆಯ ಸಿದ್ಧಾಂತವಾಗುವುದು.

ಇದೇ ಪ್ರೋಟೀನಿಗೆ ಬೇರೊಂದು ಪಾತ್ರವೂ ಉಂಟು. ೨೦೦೯ರಲ್ಲಿ ಪೆರುಂದುರೈ ಧಂಡಪಾಣಿ, ಕುಮಾರಸ್ವಾಮಿ ತಂಗರಾಜ್ ಮೊದಲಾದವರು, ಈ ಪ್ರೋಟೀನನ್ನು ರೂಪಿಸುವ ಜೀನಿನಲ್ಲಿ ೨೫ ಅಕ್ಷರಗಳ ಲೋಪವೊಂದು ಭಾರತೀಯರಲ್ಲಿ ೧೦೦ಕ್ಕೆ ಸುಮಾರು ೪ ಮಂದಿಯಲ್ಲಿ ಇರುವುದೆಂದೂ, ಅದು ಹೃದಯಸ್ನಾಯುವಿನ ರೋಗಕ್ಕೆ ಸಂಬಂಧಿಸಿದುದೆಂದೂ ಪ್ರಕಟಿಸಿದರು. ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಇದೇ ವಿಷಯದಲ್ಲಿ ಸಂಶೋಧನೆಯನ್ನು ನಡೆಸಿದರು. ಓಲೆಯ ಪ್ರತಿಯಲ್ಲಿ ಅಕ್ಷರಗಳು ಬಿಟ್ಟುಹೋದರೆ ಮುಂದಿನ ವಾಕ್ಯವೇ ವಿಕಾರವಾಗುವಂತೆ, ಈ ಲೋಪದಿಂದ ಪ್ರೋಟೀನಿನ ಕೊನೆಯ ಭಾಗವು ವಿಕಾರವಾಗುವುದು. ಆದರೆ ಲೋಪವಿರುವವರೆಲ್ಲರೂ ರೋಗಿಗಳಲ್ಲ. ೨೦೧೮ರಲ್ಲಿ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯದವರನ್ನು ಪರೀಕ್ಷಿಸಿದ ಮತ್ತೊಂದು ಅಧ್ಯಯನವು, ಈ ಲೋಪದ ಜೊತೆಯಲ್ಲಿ ಅದೇ ಜೀನಿನ ಬೇರೊಂದು ಮಾರ್ಪಾಟೂ ಇರುವ ಕೆಲವರಲ್ಲಿಯೇ ಹೃದಯದ ಅಸಹಜವರ್ತನೆಯು ಕಂಡಿತೆಂದು ಹೇಳಿತು. ಇಲ್ಲಿಯೂ ಒಂದೇ ಸಾಕ್ಷಿಯು ಸಾಲದೆ, ಕೂಡಿಸಿ ಓದಬೇಕಾಯಿತು.

ಹೀಗೆ ಒಂದೇ ಪ್ರೋಟೀನು ರಕ್ತದಲ್ಲಿ ಕಂಡರೆ ಆದ ಗಾಯದ ಕುರುಹು. ವಂಶದಿಂದ ವಿಕಾರವಾಗಿ ಬಂದರೆ ಆಗಬಹುದಾದ ರೋಗದ ಕಾರಣಗಳಲ್ಲೊಂದು. ಅಲ್ಲಿ ಅನುಭಾವ, ಇಲ್ಲಿ ವಿಭಾವ. ‘ಹೃದ್ರೋಗಕ್ಕೆ ಸಂಬಂಧಿಸಿದ ಪ್ರೋಟೀನು’ ಎಂದಷ್ಟೇ ಬರೆದ ವಾಕ್ಯವು ಈ ಭೇದವನ್ನು ನುಂಗುವುದು. ಅದನ್ನೋದಿದವನು ರಕ್ತದಲ್ಲಿ ಪ್ರೋಟೀನು ಹೆಚ್ಚಿದುದರಿಂದಲೇ ರೋಗ ಬಂದಿತೆಂದೂ, ಪಥ್ಯಮಾಡಿ ಅದನ್ನು ತಗ್ಗಿಸಿದರೆ ಗುಣವಾಗುವುದೆಂದೂ ತಿಳಿದರೆ ಅವನದು ತಪ್ಪಲ್ಲ, ವಾಕ್ಯದ ತಪ್ಪು. ಸ್ನಾಯುವಿನೊಳಗಿಂದ ಸೋರಿದ ಪ್ರೋಟೀನಿಗೂ ಬೇಳೆಕಾಳಿನ ಪ್ರೋಟೀನಿಗೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲವೆಂಬುದನ್ನು ಬರೆಯುವವನು ಒಂದು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು.

೭

ಇಷ್ಟರಿಂದ ಕಾವ್ಯದ ಹೃದಯವನ್ನು ವೈದ್ಯದಿಂದ ಗಡೀಪಾರು ಮಾಡಬೇಕೆಂದು ತೀರ್ಮಾನಿಸಿದರೆ ಅದೂ ಆತುರವೇ. ೧೯೯೦ರಲ್ಲಿ ಜಪಾನಿನ ವೈದ್ಯರು ಒಂದು ವಿಲಕ್ಷಣವಾದ ಹೃದಯವಿಕಾರವನ್ನು ವರ್ಣಿಸಿ, ಹೃದಯವು ಆಗ ತಳೆಯುವ ಆಕಾರವನ್ನು ನೋಡಿ ಅದಕ್ಕೆ ಅಷ್ಟಪದಿಯನ್ನು ಹಿಡಿಯುವ ಮಡಕೆಯ ಹೆಸರನ್ನಿಟ್ಟು ‘ತಕೊತ್ಸುಬೊ’ ಎಂದರು. ಆಪ್ತರ ಮರಣದಂಥ ತೀವ್ರವಾದ ದುಃಖದ ಅಥವಾ ಭಯದ ಬೆನ್ನಲ್ಲೇ ಇದು ಕಾಣಿಸಿಕೊಳ್ಳುವುದುಂಟು. ಎದೆನೋವಿರುವುದು, ಇ.ಸಿ.ಜಿ. ಕೆಡುವುದು, ಟ್ರೋಪೋನಿನ್ ಏರುವುದು. ಆದರೆ ಈ ವಿಕಾರಕ್ಕೆ ಕಾರಣವಾಗುವಂತೆ ನಾಳವು ಮುಚ್ಚಿರುವುದಿಲ್ಲ. ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ಹೃದಯವು ಮೊದಲಿನಂತಾಗುವುದು. ಕೆಲವರಿಗೆ ಅಪಾಯವೂ ಆಗುವುದು. ‘ಎದೆಯೊಡೆಯಿತು’ ಎಂದ ಹಳ್ಳಿಯ ಮುದುಕಿಯ ಮಾತು ಬರಿಯ ಅಲಂಕಾರವಾಗಿರಲಿಲ್ಲವೆಂಬುದನ್ನು ಇದು ತೋರಿಸುವುದು. ಆದರೆ ಅವಳ ಮಾತು ಸತ್ಯವಾದುದು ಎಲ್ಲ ಸಾವಿಗೂ ಸಲ್ಲುವ ಸಾಮಾನ್ಯವಚನವಾಗಿ ಅಲ್ಲ, ಪರೀಕ್ಷಿಸಿ ಬೇರ್ಪಡಿಸಿದ ಒಂದು ವಿಶೇಷವಾಗಿ.

ಬೇಕಾದುದು ರೂಪಕತ್ಯಾಗವಲ್ಲ, ಶಬ್ದಗಳ ಹಂಚಿಕೆ. ನಾಳ ಮುಚ್ಚಿ ಸ್ನಾಯು ಸಾಯುವುದಕ್ಕೆ ಮಾತ್ರ ‘ಹೃದಯಾಘಾತ’. ಬಡಿತ ನಿಂತರೆ ‘ಹೃದಯಸ್ತಂಭನ’. ಬಲಗುಂದಿದರೆ, ‘ವೈಫಲ್ಯ’ವೆಂಬುದು ಎಲ್ಲವೂ ಮುಗಿಯಿತೆಂಬ ಭೀತಿಯನ್ನು ತರುವುದರಿಂದ, ‘ಹೃದಯದೌರ್ಬಲ್ಯ’. ಕಾರಣ ತಿಳಿಯದಿದ್ದರೆ ‘ಹಠಾತ್ ಮರಣ’. ಪ್ರೋಟೀನಿನ ಹೆಸರು ಇದ್ದಂತೆಯೇ ಇರಲಿ. ಅದರ ಪಾತ್ರಕ್ಕೆ ‘ಸೂಚಕ’ವೆಂದೋ ‘ಕುರುಹು’ ಎಂದೋ ಹೇಳಲಿ. ಅದು ಯಾವುದರ ಕುರುಹೆಂಬುದನ್ನು ಹೇಳದೆ ವಾಕ್ಯವನ್ನು ಮುಗಿಸದಿರಲಿ. ಇವು ಯಾವ ನಿಘಂಟಿಗೂ ಕಾಯಬೇಕಾಗಿಲ್ಲದ ಶಬ್ದಗಳು.

ಈ ಹಂಚಿಕೆಯು ನೆಲೆಗೊಂಡರೆ ರಾಮಮೂರ್ತಿ ನಗರದ ಮನೆಯೊಂದಕ್ಕೆ ತಲಪುವ ಮಾತು ಹೀಗಿರಬಹುದು: ‘ರಕ್ತದಲ್ಲಿ ಹೃದಯದ ಸ್ನಾಯುವಿಗೆ ಗಾಯವಾಗಿರುವ ಕುರುಹು ಕಂಡಿದೆ, ಯಾತರಿಂದ ಆಯಿತೆಂದು ಇನ್ನೂ ನೋಡಬೇಕು.’ ಅಥವಾ ಹೀಗೆ: ‘ಕುರುಹು ಈಗ ಕಂಡಿಲ್ಲ, ಆದರೆ ನೋವು ಬಂದು ಹೆಚ್ಚು ಹೊತ್ತಾಗಿಲ್ಲ, ಇನ್ನೊಂದು ಸಲ ರಕ್ತ ತೆಗೆಯುವವರೆಗೆ ಇಲ್ಲಿಯೇ ಇರಬೇಕು.’ ಇವುಗಳಲ್ಲಿ ಕಠಿನಶಬ್ದವೊಂದೂ ಇಲ್ಲ. ಶಾಸ್ತ್ರಕ್ಕೆ ಲೋಪವೂ ಇಲ್ಲ. ಕೇಳಿದವನಿಗೆ ಭೀತಿಯೂ ಹೆಚ್ಚದು, ಹುಸಿಯಾದ ನೆಮ್ಮದಿಯೂ ಬಾರದು. ಕನ್ನಡವನ್ನು ಕಲಿಸುವವರೂ ಬರೆಯುವವರೂ ಇಂಥ ವಾಕ್ಯವೊಂದನ್ನು ತಿದ್ದಿ ಕೊಟ್ಟರೆ, ಅದು ಪದ್ಯವೊಂದಕ್ಕೆ ಬರೆದ ಒಳ್ಳೆಯ ಟೀಕೆಗಿಂತ ಕಡಿಮೆಯಾದ ಸಾಹಿತ್ಯಸೇವೆಯೆನಿಸದು.